ಗಣಿತಕ್ಕೂ ಬೇಕು ತಕ್ರಾರ್

ಗಣಿತದ ಮಾತು ಬಂದಾಗಲೆಲ್ಲ ನಾವು ಒಂಬತ್ತನೆಯ ಶತಮಾನದ ಬಗ್ದಾದನ್ನೂ ಬೀಜಗಣಿತಕ್ಕೆ ಶಾಸ್ತ್ರರೂಪ ಕೊಟ್ಟ ಅಲ್ ಖ್ವಾರಿಝ್ಮಿಯವರನ್ನೂ ನೆನೆದು ಅಭಿಮಾನ ಪಡುತ್ತೇವೆ. ಆದರೆ ಅದೇ ಬೀಜಗಣಿತಕ್ಕೆ ಅಂಜಿ ಹತ್ತನೆಯ ತರಗತಿಯಲ್ಲೇ ಓದು ನಿಲ್ಲಿಸುವ ನಮ್ಮ ಮಕ್ಕಳಿಗೆ ಈ ಅಭಿಮಾನದಿಂದ ಆಗುವ ಪ್ರಯೋಜನವೇನು?

ಹಿಂದುಳಿಯುವಿಕೆಗೆ ನಾವು ಕೊಡುವ ಕಾರಣಗಳೂ ಸಿದ್ಧವಾಗಿರುತ್ತವೆ: ಬಡತನ, ಹೆತ್ತವರ ನಿರಾಸಕ್ತಿ, ಶ್ರದ್ಧೆಯ ಕೊರತೆ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಕಪ್ಪು ವರ್ಣೀಯ ವಿದ್ಯಾರ್ಥಿಗಳ ಬಗ್ಗೆ ಹೇಳಿದ್ದೂ ಇದನ್ನೇ. ಯೂರಿ ಟ್ರೈಸ್‌ಮನ್ ಎಂಬವರು ಆ ವಿದ್ಯಾರ್ಥಿಗಳ ಜೊತೆಗಿದ್ದು ನೋಡಿದಾಗ ಕಂಡದ್ದೇ ಬೇರೆ. ಅವರು ಶ್ರಮಪಡುತ್ತಿದ್ದರು, ಆದರೆ ಒಂಟಿಯಾಗಿ. ಚೀನೀ ಮೂಲದ ವಿದ್ಯಾರ್ಥಿಗಳಾದರೋ ಒಟ್ಟು ಸೇರಿ ಪರಸ್ಪರರ ಲೆಕ್ಕಗಳನ್ನು ತಿದ್ದುತ್ತಿದ್ದರು. ಟ್ರೈಸ್‌ಮನ್ ಹಿಂದುಳಿದವರಿಗೆ ಸುಲಭ ಪಾಠ ಕೊಡಲಿಲ್ಲ. ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಚರ್ಚಿಸಲು ಕೂರಿಸಿದರು. ಫಲಿತಾಂಶ ಗಣನೀಯವಾಗಿ ಸುಧಾರಿಸಿತು.

ಮದ್ರಸದಲ್ಲಿ ಕಲಿತ ನಮಗೆ ಇದು ಅಪರಿಚಿತ ಪದ್ಧತಿಯಲ್ಲ. ಉಸ್ತಾದರ ಪಾಠ ಮುಗಿದ ಬಳಿಕ ವಿದ್ಯಾರ್ಥಿಗಳು ಸುತ್ತ ಕುಳಿತು, ಒಬ್ಬನು ಪಾಠವನ್ನು ಪುನಃ ವಿವರಿಸುವುದಕ್ಕೂ ಉಳಿದವರು ಪ್ರಶ್ನಿಸುವುದಕ್ಕೂ ಅಲ್ಲಿ 'ತಕ್ರಾರ್' ಎನ್ನುತ್ತಾರೆ. ಅರಬಿಯಲ್ಲಿ ಪುನರಾವರ್ತನೆ ಎಂಬರ್ಥದ ಈ ಪದವೇ ಕನ್ನಡದಲ್ಲಿ 'ತಕರಾರು' ಆಗಿದೆ. ಗಣಿತದ ಕಲಿಕೆಗೆ ಈ ಎರಡೂ ಅರ್ಥಗಳು ಬೇಕು.

2020ರ ಲಾಕ್‌ಡೌನ್ ಕಾಲದಲ್ಲಿ ತರಗತಿಗಳು ಮೊಬೈಲಿಗೆ ಬಂದವು. ಅಂದು ಹುಟ್ಟಿದ ವಾಟ್ಸಾಪ್ ಗುಂಪುಗಳ ರೂಢಿ ಇಂದಿಗೂ ಉಳಿದಿದೆ. ಆದರೆ ಒಬ್ಬ ಬಿಡಿಸಿದ ಲೆಕ್ಕದ ಫೋಟೋವನ್ನು ಮೂವತ್ತು ಮಂದಿ ನೋಡಿ ಬರೆದುಕೊಂಡರೆ ಅದು ನಕಲೇ ಹೊರತು ಕಲಿಕೆಯಲ್ಲ. ಗುಂಪಿಗೆ ಉತ್ತರವನ್ನಲ್ಲ, ತಾನು ಎಡವಿದ ಹಂತವನ್ನು ಹಾಕಬೇಕು. ಮುಂದಿನ ಹಂತವನ್ನು ಹೇಳುವವನು ಅದು ಏಕೆ ಸರಿ ಎಂಬುದನ್ನೂ ವಿವರಿಸಬೇಕು. ತಪ್ಪಿದವನನ್ನು ಗೇಲಿ ಮಾಡಬಾರದು. ಅಧ್ಯಾಪಕರೊಬ್ಬರು ಗಮನಿಸುತ್ತಿದ್ದು, ಚರ್ಚೆ ದಾರಿ ತಪ್ಪಿದಾಗ ಮಾತ್ರ ಮಧ್ಯ ಪ್ರವೇಶಿಸಬೇಕು. ನಿವೃತ್ತ ಗಣಿತ ಅಧ್ಯಾಪಕರ ನೆರವು ಪಡೆದು ಇಂತಹ ಗುಂಪುಗಳನ್ನು ನಡೆಸುವುದು ನಮ್ಮ ಜಮಾಅತ್ ಸಮಿತಿಗಳಿಗೆ ಕಷ್ಟವೇನಲ್ಲ. ಇದಕ್ಕೆ ಕಟ್ಟಡವೂ ಬೇಡ, ಉದ್ಘಾಟನೆಯೂ ಬೇಡ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಚರ್ಚೆಯಲ್ಲಿ ನಮ್ಮ ಹೆಣ್ಣುಮಕ್ಕಳಿರುತ್ತಾರೆಯೇ? ಎಷ್ಟೋ ಮನೆಗಳಲ್ಲಿ ಮೊಬೈಲ್ ಮಗನ ಕೈಯಲ್ಲಿದೆ, ಮಗಳಿಗೆ ಅದು ಸಿಗುವುದು ಅವನ ಬಿಡುವಿನಲ್ಲಿ. 2022ರಲ್ಲಿ ಹಿಜಾಬ್‌ನ ಹೆಸರಿನಲ್ಲಿ ಅವರಿಗೆ ತರಗತಿಯ ಬಾಗಿಲು ಮುಚ್ಚಿದಾಗ ನಾವು ಪ್ರತಿಭಟಿಸಿದೆವು. ಅದು ನ್ಯಾಯವೇ ಆಗಿತ್ತು. ಆದರೆ ಕಲಿಕೆಯ ಈ ಬಾಗಿಲನ್ನು ನಮ್ಮ ಮನೆಯೊಳಗೆ ನಾವೇ ಮುಚ್ಚಿದರೆ ಅವರು ಯಾರ ವಿರುದ್ಧ ಪ್ರತಿಭಟಿಸಬೇಕು?