ತೋಟದ ಮಗ್ಗುಲಲ್ಲಿ ರಂಗಮಂದಿರ
ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಪುಟ್ಟ ಊರು. ಇಲ್ಲಿಯ ಹವ್ಯಾಸಿಗಳು 1949ರಲ್ಲಿ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವೇ ಇಂದಿನ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ತೋಟವನ್ನೂ ಬಿಡಲಿಲ್ಲ, ಊರನ್ನೂ ಬಿಡಲಿಲ್ಲ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೇ ಅವರನ್ನು ಹುಡುಕಿಕೊಂಡು ಬಂತು. ಅದಕ್ಕೂ ಮೊದಲೇ, 1980ರಲ್ಲಿ ನೀನಾಸಮ್‌ನ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡೆಲ್ಲ ಸುತ್ತುವ ನಾಟಕ ತಂಡ ‘ತಿರುಗಾಟ’ ಶುರುವಾದವು. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಊರಿನ ಪ್ರೇಕ್ಷಕರು. ಕೊನೆಕೊಯ್ಲು, ಅಡಿಕೆ ಸುಲಿತ, ಕೊಟ್ಟಿಗೆ ಕೆಲಸ ಮುಗಿಸಿ ಬಂದವರು ಶಿವರಾಮ ಕಾರಂತರ ಹೆಸರಿನ ರಂಗಮಂದಿರದಲ್ಲಿ ಕೂತು ಷೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ಕನ್ನಡದಲ್ಲೇ ಕಂಡರು. ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ನೋಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎನ್ನುವವರು ಒಮ್ಮೆ ಅವರ ಜೊತೆ ಕೂತು ನಾಟಕ ನೋಡಬೇಕು, ಆಮೇಲೆ ಅವರಾಡುವ ಮಾತು ಕೇಳಬೇಕು.