ಗಾಜಿನ ತೊಟ್ಟಿಗೂ ಕೋಡಿ ಬೇಕು

ಕೆರೆ ಕಟ್ಟಿಸಿದ ನಮ್ಮ ಹಿರಿಯರು ಏರಿಯ ಎತ್ತರವನ್ನು ಗೊತ್ತುಮಾಡುವಾಗಲೇ ಕೋಡಿಯ ಸ್ಥಾನವನ್ನೂ ಗೊತ್ತುಮಾಡುತ್ತಿದ್ದರು. ನೀರು ಎಷ್ಟು ನಿಲ್ಲಬೇಕೆಂಬುದರಷ್ಟೇ, ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕೆಂಬುದೂ ಮುಖ್ಯವಾದ ಪ್ರಶ್ನೆ. ಮಳೆಗಾಲದಲ್ಲಿ ಉಣಕಲ್ ಕೆರೆಯು ಕೋಡಿ ಬೀಳುವುದನ್ನು ಹುಬ್ಬಳ್ಳಿಯ ವಾಚಕರು ಕಂಡೇ ಇದ್ದಾರೆ. ಈ ಹಳೆಯ ವಿವೇಕವು ನಾಲ್ಕಡಿ ಉದ್ದದ ಗಾಜಿನ ತೊಟ್ಟಿಗೂ ಸಲ್ಲುತ್ತದೆ. ಮಾತ್ರವಲ್ಲ, ಅದನ್ನು ಕಲಿಸುವುದಕ್ಕೆ ಉಪ್ಪುನೀರಿನ ಮೀನುತೊಟ್ಟಿಗಿಂತ ಒಳ್ಳೆಯ ಉಪಕರಣವು ಕಾಲೇಜಿನ ಪ್ರಯೋಗಶಾಲೆಯಲ್ಲಿ ದೊರೆಯುವುದು ಕಷ್ಟ ಎಂಬುದು ನಮ್ಮ ಅಭಿಪ್ರಾಯ.

ಕಡಲಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಘಟ್ಟದ ಮೇಲಿರುವ ಕೇಶ್ವಾಪುರದಲ್ಲಿ ಕಡಲಿನ ತೊಟ್ಟಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಆದರೆ ಅದರ ನಕ್ಷೆಯು ಕೇಶ್ವಾಪುರದ ಮನೆಗಳಿಗೆ ಹೊಸದಲ್ಲ. ನಲ್ಲಿಯ ನೀರು ಬಹುಕಾಲ ದಿನಗಳ ಅಂತರದಲ್ಲಿ ಬರುತ್ತಿದ್ದುದರಿಂದ, ಇಲ್ಲಿ ಅಂಗಳದ ಕೆಳಗೆ ಸಂಪು, ಮಾಳಿಗೆಯ ಮೇಲೆ ಟಾಕಿ, ನಡುವೆ ಮೋಟಾರು ಇರುವುದು ರೂಢಿ. ಕಡಲ ತೊಟ್ಟಿಯಲ್ಲಿಯೂ ಇವು ಮೂರೇ ಇವೆ. ಮೇಲೆ ಮೀನುಗಳಿರುವ ಗಾಜಿನ ತೊಟ್ಟಿ. ಅದರ ಮೂಲೆಯಲ್ಲಿ ಬಾಚಣಿಗೆಯಂತೆ ಹಲ್ಲುಗಳಿರುವ ಕೋಡಿ. ಕೋಡಿಯಿಂದ ಕೊಳವೆಯ ಮೂಲಕ ಕೆಳಗಿನ ಸಂಪಿಗೆ ಇಳಿಯುವ ನೀರು. ಅಲ್ಲಿ ಶುದ್ಧವಾದ ಬಳಿಕ ಪಂಪು ಅದನ್ನು ಮತ್ತೆ ಮೇಲಕ್ಕೇರಿಸುತ್ತದೆ. ಕೋಡಿಯು ನೀರಿನ ಮೇಲ್ಪದರವನ್ನೇ ಸೆಳೆಯುವುದರಿಂದ ಅಲ್ಲಿ ಕೂಡುವ ಜಿಡ್ಡಿನ ಪೊರೆಯು ನಿತ್ಯವೂ ತೊಲಗುತ್ತದೆ. ಮೇಲಿನ ತೊಟ್ಟಿಯ ನೀರಿನ ಮಟ್ಟವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಪಂಪು ನಡೆಯುತ್ತಿರುವಾಗ ಎಲ್ಲ ತೊಟ್ಟಿಗಳೂ ಚೆನ್ನಾಗಿಯೇ ಕಾಣುತ್ತವೆ. ವಿದ್ಯುತ್ತು ನಿಂತಾಗಲೇ ಅವುಗಳ ನಿಜವಾದ ಪರೀಕ್ಷೆ. ಆಗ ಪಂಪಿನ ಕೊಳವೆಯು ಸೈಫನ್ ಆಗಿ ಮಾರ್ಪಟ್ಟು, ಮೇಲಿನ ನೀರನ್ನು ಹಿಮ್ಮುಖವಾಗಿ ಸಂಪಿಗೆ ಇಳಿಸತೊಡಗುತ್ತದೆ. ತನ್ನ ಬಾಯಿ ನೀರಿನಿಂದ ಹೊರಗೆ ಬಂದು ಗಾಳಿಯನ್ನು ಹೀರುವವರೆಗೂ ಅದು ನಿಲ್ಲುವುದಿಲ್ಲ.

ಇದನ್ನು ಲೆಕ್ಕಮಾಡಿ ನೋಡೋಣ. ತೊಟ್ಟಿಯ ಉದ್ದ 120 ಸೆ.ಮೀ., ಅಗಲ 45 ಸೆ.ಮೀ. ಎಂದಿರಲಿ. ನೀರಿನ ಒಂದೊಂದು ಸೆಂಟಿಮೀಟರು ಎತ್ತರವೂ 5.4 ಲೀಟರಿಗೆ ಸಮ. ಪಂಪು ನಡೆಯುವಾಗ ನೀರು ಕೋಡಿಯ ಅಂಚಿಗಿಂತ 1.5 ಸೆ.ಮೀ. ಮೇಲಿರುತ್ತದೆ, ಕೊಳವೆಯ ಬಾಯಿಯು ಅಂಚಿಗಿಂತ 12 ಸೆ.ಮೀ. ಕೆಳಗಿದೆ. ವಿದ್ಯುತ್ತು ನಿಂತೊಡನೆ ಒಟ್ಟು 13.5 ಸೆ.ಮೀ. ನೀರು, ಎಂದರೆ 72.9 ಲೀಟರು, ಕೆಳಗಿಳಿಯುತ್ತದೆ. ಸಂಪಿನ ತಳ 90 ಸೆ.ಮೀ. ಉದ್ದ, 35 ಸೆ.ಮೀ. ಅಗಲವಿದ್ದರೆ ಅದರ ಮಟ್ಟ 23 ಸೆ.ಮೀ. ಏರಬೇಕು. 40 ಸೆ.ಮೀ. ಎತ್ತರದ ಸಂಪಿನಲ್ಲಿ ಮೊದಲೇ 20 ಸೆ.ಮೀ. ನೀರಿದ್ದರೆ, ಸುಮಾರು ಹತ್ತು ಲೀಟರು ಉಪ್ಪುನೀರು ನೆಲಕ್ಕೆ ಹರಿಯುತ್ತದೆ. ಕೊಳವೆಗಳಲ್ಲಿ ನಿಂತಿದ್ದ ನೀರು ಇದಕ್ಕೆ ಹೊರತು. ವಿದ್ಯುತ್ತಿನ ತಂತಿಗಳೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಉಪ್ಪುನೀರು ಒಳ್ಳೆಯ ವಾಹಕವೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಅದೇ ಬಾಯಿಯನ್ನು ಅಂಚಿನಿಂದ 2 ಸೆ.ಮೀ. ಮಾತ್ರ ಕೆಳಗಿರಿಸಿದರೆ ಇಳಿಯುವುದು 18.9 ಲೀಟರು, ಸಂಪು ಏರುವುದು 6 ಸೆ.ಮೀ. ಹತ್ತು ಸೆಂಟಿಮೀಟರುಗಳ ಸ್ಥಳಾಂತರಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ.

ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಕೂಡಿಸಿದರಾಯಿತಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಬ್ಯಾಟರಿಯನ್ನೂ ನೀರಿನ ಮಟ್ಟವನ್ನು ಅರಿಯುವ ಸಾಧನವನ್ನೂ ನಂಬುವವರು ಇನ್ನು ಕೆಲವರು. ಇವು ಬೇಡವೆಂದು ನಾವು ಹೇಳುವುದಿಲ್ಲ. ಇವುಗಳನ್ನೇ ನಂಬಿ ಕೂರಬಾರದೆಂದು ಹೇಳುತ್ತೇವೆ. ಕಡಲ ನೀರಿನಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಪಾಚಿ ಬೆಳೆಯುತ್ತದೆ, ಬಸವನಹುಳು ಎಲ್ಲೆಂದರಲ್ಲಿ ಹರಿಯುತ್ತದೆ. ಕವಾಟವು ಒಂದು ಕೂದಲೆಳೆಯಷ್ಟು ತೆರೆದೇ ಉಳಿದರೂ ನೀರು ಇಳಿಯದೆ ಬಿಡುವುದಿಲ್ಲ. ಚಲಿಸುವ ಭಾಗವು ಎಂದೋ ಒಂದು ದಿನ ಸೋಲುತ್ತದೆ. ಕೊಳವೆಯ ಬಾಯಿಯ ಎತ್ತರವು ಸೋಲುವುದಿಲ್ಲ.

ಎರಡನೆಯ ಅಪಾಯ ಇದಕ್ಕೆ ವಿರುದ್ಧವಾದುದು. ಕೋಡಿಯು ಕಟ್ಟಿಕೊಂಡು ಪಂಪು ಮಾತ್ರ ನಡೆಯುತ್ತಿದ್ದರೆ ಸಂಪಿನ ನೀರೆಲ್ಲ ಮೇಲಕ್ಕೇರುತ್ತದೆ. ಇದಕ್ಕೂ ಪರಿಹಾರ ಲೆಕ್ಕದಲ್ಲಿಯೇ ಇದೆ. ಸಂಪಿನಲ್ಲಿ ಅಡ್ಡಗಾಜುಗಳನ್ನು ನಿಲ್ಲಿಸಿ, ಪಂಪಿಗೆ 35 ಸೆ.ಮೀ., 25 ಸೆ.ಮೀ. ಅಳತೆಯ ಬೇರೆ ಕೋಣೆಯನ್ನು ಮಾಡಿದರೆ, 20 ಸೆ.ಮೀ. ಆಳಕ್ಕೆ ಅದರಲ್ಲಿರುವುದು 17.5 ಲೀಟರು ಮಾತ್ರ. ಅದಷ್ಟೂ ಮೇಲಕ್ಕೆ ಹೋದರೂ ತೊಟ್ಟಿ ಏರುವುದು ಮೂರೂಕಾಲು ಸೆಂಟಿಮೀಟರಿಗಿಂತ ಕಡಿಮೆ. ನೀರಿನ ಮೇಲೆ 5 ಸೆ.ಮೀ. ಗಾಜು ಉಳಿದಿದ್ದರೆ ಭಯವಿಲ್ಲ.

ಇನ್ನು ಇಳಿಯುವ ಕೊಳವೆಯ ವಿಚಾರ. ಟಾರಿಚೆಲ್ಲಿಯ ಸೂತ್ರದಂತೆ 60 ಸೆ.ಮೀ. ಇಳಿತದಲ್ಲಿ ನೀರಿನ ವೇಗ ಸೆಕೆಂಡಿಗೆ 3.4 ಮೀಟರು. 25 ಮಿ.ಮೀ. ಒಳವ್ಯಾಸದ ಕೊಳವೆ ತುಂಬಿ ಹರಿದರೆ ಗಂಟೆಗೆ ಸುಮಾರು 6000 ಲೀಟರು ಇಳಿಯಬೇಕು. ಘರ್ಷಣೆಯೂ ತಿರುವುಗಳೂ ಇದನ್ನು ತಗ್ಗಿಸಿದರೂ, ಗಂಟೆಗೆ 2000 ಲೀಟರು ಎತ್ತುವ ಪಂಪಿಗಿಂತ ಕೊಳವೆಯ ಶಕ್ತಿಯೇ ಹೆಚ್ಚು. ಆದಕಾರಣ ಅದು ನೀರನ್ನು ಬೇಗನೆ ಬರಿದುಮಾಡಿ, ಗಾಳಿಯನ್ನು ನುಂಗಿ, ಗುಳುಗುಳು ಸದ್ದುಮಾಡಿ ನಿಲ್ಲುತ್ತದೆ. ಮತ್ತೆ ತುಂಬಿ ಹರಿಯುತ್ತದೆ. ಇದಕ್ಕೆ ಮೂರು ಕೊಳವೆಗಳ ಏರ್ಪಾಡು ಉತ್ತಮ. ಮೊದಲನೆಯದು ತಿರುಗಣೆಯಿಂದ ಬಿಗಿಮಾಡಿದ ಪೂರ್ಣ ಸೈಫನ್. ಬಹುಪಾಲು ನೀರನ್ನು ಸದ್ದಿಲ್ಲದೆ ಒಯ್ಯುತ್ತದೆ. ಎರಡನೆಯದು ಗಾಳಿಗೆ ತೆರೆದಿದ್ದು ಉಳಿದ ಸ್ವಲ್ಪವನ್ನು ಒಯ್ಯುತ್ತದೆ. ಇನ್ನೂ ಎತ್ತರದಲ್ಲಿರುವ ಮೂರನೆಯದು ಸದಾ ಒಣಗಿಯೇ ಇರುತ್ತದೆ. ಉಳಿದೆರಡೂ ಕಟ್ಟಿಕೊಂಡ ದಿನ ಮಾತ್ರ ಅದಕ್ಕೆ ಕೆಲಸ. ಒಣಗಿದ ಕೊಳವೆಯನ್ನು ದುಂದುವೆಚ್ಚವೆಂದು ಕೈಬಿಡುವವರು ಬೇಸಿಗೆಯಲ್ಲಿ ಕೋಡಿಯನ್ನು ನೋಡಿ ಮುಚ್ಚಿಸಿಬಿಡುವವರಂತೆ.

ತಾನಾಗಿ ನಡೆಯುವ ಕೋಡಿ ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರು ಸಂಸ್ಥಾನದ ಇಂಜಿನಿಯರಾಗಿದ್ದ ಗಣೇಶ ಅಯ್ಯರರು ರೂಪಿಸಿದ ಸುರುಳಿ ಸೈಫನ್ನುಗಳು ಶಿಂಷಾ ನದಿಯ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿಯೂ ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿಯೂ ಇವೆ. ನೀರು ಮಿತಿಮೀರಿದೊಡನೆ ಆಲಿಕೆಯಂಥ ಬಾಯೊಳಗೆ ಸುತ್ತುತ್ತ ಇಳಿದು, ಗುಮ್ಮಟದೊಳಗಿನ ಗಾಳಿಯನ್ನು ಸೆಳೆದೊಯ್ದು, ಸೈಫನ್ನನ್ನು ತಾನೇ ಪ್ರಾರಂಭಿಸುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ಅದನ್ನು ನಿಲ್ಲಿಸುತ್ತದೆ. ಬಾಗಿಲೂ ಇಲ್ಲ, ಅದನ್ನು ಎತ್ತುವ ಕಾವಲುಗಾರನೂ ಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಜಲಾಶಯದಲ್ಲಿ ಹಿರೇಭಾಸ್ಕರವು ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಆ ಸೈಫನ್ನುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಅಲ್ಲಿಯ ತತ್ವವೂ ನಮ್ಮ ತೊಟ್ಟಿಯ ಕೊಳವೆಯ ಬಾಯಿಯ ತತ್ವವೂ ಒಂದೇ.

ಬಯಲುಸೀಮೆಯ ಒಣಗಾಳಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕಡಲ ನೀರಿನ ಪ್ರತಿ ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಲವಣವಿರಬೇಕು. ಆದಕಾರಣ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು. ಕೊರತೆಯು ಕಾಣುವುದು ಮೇಲಿನ ತೊಟ್ಟಿಯಲ್ಲಲ್ಲ, ಪಂಪಿನ ಕೋಣೆಯಲ್ಲಿ. ಕೊಳವೆಯ ಜೋಡಣೆಯಲ್ಲಿ ಹಿತ್ತಾಳೆಯನ್ನು ಬಳಸಕೂಡದು. ಅದರೊಳಗಿನ ತಾಮ್ರವು ಸೀಗಡಿಗೂ ಬಸವನಹುಳುವಿಗೂ ವಿಷ.

ಒಂದು ವಿಷಯದಲ್ಲಿ ನಾವು ನಿಷ್ಠುರವಾಗಿ ಹೇಳಬೇಕಾಗಿದೆ. ಇಂಥ ತೊಟ್ಟಿಗಳು ಪರದೇಶಗಳಲ್ಲಿ ಪ್ರಸಿದ್ಧವಾದುದು ಜೀವಂತ ಹವಳಗಳಿಗಾಗಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವನ್ನೂ ಸೇರಿಸಲಾಯಿತು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳವು ನೇತ್ರಾಣಿಯಲ್ಲೇ ಇರತಕ್ಕದ್ದು. ಕೇಶ್ವಾಪುರದ ತೊಟ್ಟಿಗೆ ಕೃತಕ ಶಿಲೆ ಸಾಕು. ಮೀನಿಗಾಗಿಯೂ ಕಡಲನ್ನು ಸೂರೆಮಾಡಬೇಕಾಗಿಲ್ಲ: ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಸಾಧಿಸಿದೆ.

ಕೊಳಾಯಿಯ ಕೆಲಸವು ಕುಶಲಕರ್ಮಿಯದು, ಪದವಿ ಓದುವವನದಲ್ಲ ಎಂಬ ಭಾವನೆಯನ್ನು ನಾವು ಒಪ್ಪಲಾರೆವು. ಪರೀಕ್ಷೆಯಲ್ಲಿ ಸೈಫನ್ನಿನ ಚಿತ್ರವನ್ನು ಅಂದವಾಗಿ ಬರೆದವನು ಮನೆಯ ಟಾಕಿಯು ತುಂಬಿ ಸುರಿಯುವುದನ್ನು ಸುಮ್ಮನೆ ನೋಡುತ್ತ ನಿಂತರೆ, ಆ ಅಂಕಗಳ ಬೆಲೆ ಎಷ್ಟು? ವಿದ್ಯಾರ್ಥಿಗಳು ಮೊದಲು ಕಾಗದದ ಮೇಲೆ ಮಟ್ಟಗಳನ್ನು ಗುರುತಿಸಲಿ. ಬಳಿಕ ತೊಟ್ಟಿಗೆ ಸಾದಾ ನೀರನ್ನು ತುಂಬಿ ಒಂದು ವಾರ ನಡೆಸಲಿ. ಹತ್ತು ಬಾರಿ ವಿದ್ಯುತ್ತನ್ನು ತಾವೇ ನಿಲ್ಲಿಸಲಿ. ಕೋಡಿಯನ್ನು ತಾವೇ ಮುಚ್ಚಲಿ. ಸಂಪು ಏರಿದುದನ್ನು ಅಳೆದು ಲೆಕ್ಕದೊಡನೆ ಹೋಲಿಸಲಿ. ನೆಲ ಒಣಗಿಯೇ ಉಳಿದರೆ ಉಪ್ಪು ಬೆರೆಸಲಿ. ಮೀನನ್ನು ತರುವುದು ಕೊನೆಗೆ. ಹೊಳೆಯ ಮೀನು ನೀರು ಕೆಟ್ಟರೆ ಬೇರೆ ಮಡುವಿಗೆ ಹೋದೀತು. ಗಾಜಿನೊಳಗಿನ ಮೀನಿಗೆ ಬೇರೆ ಮಡುವಿಲ್ಲ. ಅದರ ಪ್ರಾಣವು ನಾವು ಮಾಡಿದ ಲೆಕ್ಕವನ್ನೇ ನಂಬಿಕೊಂಡಿದೆ.