ದೇಹದ ಬೆಳವಣಿಗೆಯೂ ಅರ್ಬುದ ರೋಗವೂ

ಗೋಡೆಗೆ ಮಗುವನ್ನು ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಗೆರೆ ಎಳೆದು ಎತ್ತರವನ್ನು ನೋಡುವುದು ತಂದೆತಾಯಿಗಳಿಗೆ ಸಹಜವಾದ ಸಂತೋಷ. ಇತ್ತೀಚಿನ ವರ್ಷಗಳಲ್ಲಿ ಈ ಸಂತೋಷವು ಆತಂಕವಾಗಿ ಮಾರ್ಪಟ್ಟಿದೆ. ನೆರೆಮನೆಯ ಹುಡುಗನಿಗಿಂತ ನಮ್ಮವನು ಎರಡಂಗುಲ ಗಿಡ್ಡನೆಂದು ಕೊರಗುವವರೂ, ಎತ್ತರ ಹೆಚ್ಚಿಸುವುದೆಂದು ಸಾರುವ ಪುಡಿಗಳಿಗೆ ಹಣ ಸುರಿಯುವವರೂ ಹೆಚ್ಚಿದ್ದಾರೆ. ಅದೇ ಮನೆಯ ಯಜಮಾನರ ಹೊಟ್ಟೆ ವರ್ಷಂಪ್ರತಿ ಮುಂದೆ ಬರುತ್ತಿದ್ದರೆ ಅದನ್ನು ಸುಖದ ಲಕ್ಷಣವೆಂದು ನಕ್ಕು ಸುಮ್ಮನಾಗುತ್ತಾರೆ. ಈ ಎರಡು ಸಂಗತಿಗಳಲ್ಲಿ ಯಾವುದಕ್ಕೆ ಚಿಂತಿಸಬೇಕೆಂಬ ವಿವೇಚನೆ ನಮ್ಮಲ್ಲಿ ತಲೆಕೆಳಗಾಗಿದೆಯೆಂಬುದು ನನ್ನ ಅಭಿಪ್ರಾಯ.

ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಆಜ್ಞೆಯಂತೆ ಯಕೃತ್ತು ಐ.ಜಿ.ಎಫ್.-1 ಎಂಬ ಮತ್ತೊಂದು ದ್ರವ್ಯವನ್ನು ರಕ್ತಕ್ಕೆ ಬಿಡುತ್ತದೆ. ರಚನೆಯಲ್ಲಿ ಇನ್ಸುಲಿನ್ನನ್ನು ಹೋಲುವ ಈ ದ್ರವ್ಯ ಎರಡು ಕೆಲಸಗಳನ್ನು ಮಾಡುತ್ತದೆ. ಜೀವಕೋಶಗಳಿಗೆ ವಿಭಜನೆಗೊಳ್ಳಲು ಪ್ರೇರಣೆ ನೀಡುವುದು ಒಂದು. ಸಾಯಬೇಕಾದ ಕೋಶವನ್ನು ಸಾಯದಂತೆ ತಡೆಹಿಡಿಯುವುದು ಇನ್ನೊಂದು. ಎಲುಬು ಉದ್ದವಾಗುತ್ತಿರುವ ಬಾಲ್ಯದಲ್ಲಿ ಇವೆರಡೂ ಅತ್ಯವಶ್ಯಕ. ಆದರೆ ಐವತ್ತರ ವಯಸ್ಸಿನಲ್ಲಿ, ಎಲ್ಲೋ ಒಂದು ಕೋಶ ಕೆಟ್ಟು ನಿಂತಿರುವಾಗ, ಅದಕ್ಕೂ ಇದೇ ಪ್ರೇರಣೆ, ಇದೇ ರಕ್ಷಣೆ ದೊರೆತರೆ ಗತಿಯೇನು? ಈ ದ್ರವ್ಯದ ಪ್ರಮಾಣ ರಕ್ತದಲ್ಲಿ ಅಧಿಕವಾಗಿದ್ದ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವೂ, ಮುಟ್ಟು ನಿಲ್ಲದ ಸ್ತ್ರೀಯರಲ್ಲಿ ಸ್ತನದ ಅರ್ಬುದವೂ ಹೆಚ್ಚಾಗಿ ಕಂಡುಬಂದುದನ್ನು ಅಮೆರಿಕದ ವೈದ್ಯರ ಹಾಗೂ ದಾದಿಯರ ಮೇಲೆ ನಡೆದ ಎರಡು ಅಧ್ಯಯನಗಳು 1998ರಲ್ಲಿ ಪ್ರಕಟಿಸಿದವು.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನವು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಲೋಹಾ ಪ್ರಾಂತದ ಗುಡ್ಡಗಾಡು ಹಳ್ಳಿಗಳಲ್ಲಿದೆ. ಅಲ್ಲಿ ಕೆಲವು ಮನೆತನಗಳಲ್ಲಿ ಮೂರೂವರೆ, ನಾಲ್ಕು ಅಡಿಗಿಂತ ಹೆಚ್ಚು ಬೆಳೆಯದ ಜನರಿದ್ದಾರೆ. ಅವರ ದೇಹದಲ್ಲಿ ಬೆಳವಣಿಗೆಯ ಹಾರ್ಮೋನಿಗೆ ಕೊರತೆಯಿಲ್ಲ. ಅದರ ಕರೆಗೆ ಓಗೊಡಬೇಕಾದ ಗ್ರಾಹಕವೇ ವಂಶಪಾರಂಪರ್ಯವಾಗಿ ಕೆಟ್ಟಿದೆ. ಆದ್ದರಿಂದ ಐ.ಜಿ.ಎಫ್.-1 ತೀರ ಕಡಿಮೆ. ಇಸ್ರೇಲಿನ ವೈದ್ಯ ಜ್ವಿ ಲರೋನ್ ಅವರು 1966ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವರ ಹೆಸರೇ ನಿಂತಿದೆ. ಈಕ್ವೆಡಾರಿನ ವೈದ್ಯ ಹೈಮೆ ಗೆವಾರಾ ಅಗಿರೆ ಅವರು ಇಂಥ 99 ಜನರನ್ನು 22 ವರ್ಷಗಳ ಕಾಲ ಗಮನಿಸಿ, ವಾಲ್ಟರ್ ಲಾಂಗೋ ಅವರೊಡಗೂಡಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಷ್ಟೂ ಜನರಲ್ಲಿ ಅರ್ಬುದ ಕಂಡುಬಂದುದು ಒಬ್ಬರಲ್ಲಿ ಮಾತ್ರ, ಅದೂ ಮಾರಕವಾಗಲಿಲ್ಲ. ಸಿಹಿಮೂತ್ರ ರೋಗ ಒಬ್ಬರಿಗೂ ಇರಲಿಲ್ಲ. ಸಾಮಾನ್ಯ ಎತ್ತರದ ಅವರ ಬಂಧುಗಳಲ್ಲಾದರೋ ಅರ್ಬುದ ಶೇಕಡಾ 17, ಸಿಹಿಮೂತ್ರ ಶೇಕಡಾ 5.

ಈ ವೃತ್ತಾಂತವನ್ನು ಓದಿ ಗಿಡ್ಡತನವೇ ವರವೆಂದು ಯಾರೂ ಭಾವಿಸಲಾಗದು. ಆ ಜನರು ತಮ್ಮ ಬಂಧುಗಳಿಗಿಂತ ದೀರ್ಘಾಯುಗಳಾಗಲಿಲ್ಲ. ಅಪಘಾತ, ಮದ್ಯಪಾನ ಮುಂತಾದ ಕಾರಣಗಳು ಅವರ ಆಯುಸ್ಸನ್ನು ಕತ್ತರಿಸಿದವು. ಎತ್ತರದ ವಿಷಯವೂ ಅಷ್ಟೇ. ಬ್ರಿಟನ್ನಿನ ಹತ್ತು ಲಕ್ಷಕ್ಕೂ ಮೀರಿದ ಸ್ತ್ರೀಯರ ಅಧ್ಯಯನವು, ಎತ್ತರವು ಪ್ರತಿ 10 ಸೆಂಟಿಮೀಟರು ಹೆಚ್ಚಿದಂತೆ ಅರ್ಬುದದ ಸಂಭವವು ಸುಮಾರು ಶೇಕಡಾ 16ರಷ್ಟು ಏರುವುದೆಂದು 2011ರಲ್ಲಿ ತಿಳಿಸಿತು. ಎತ್ತರದವರಲ್ಲಿ ಕೋಶಗಳ ಸಂಖ್ಯೆ ಹೆಚ್ಚು, ಬಾಲ್ಯದಲ್ಲಿ ಬೆಳವಣಿಗೆಯ ಪ್ರೇರಣೆಯೂ ಹೆಚ್ಚು ಎಂಬ ಎರಡು ಕಾರಣಗಳನ್ನು ಊಹಿಸಲಾಗಿದೆ. ಎತ್ತರದ ನಮ್ಮ ವಿದ್ಯಾರ್ಥಿಗಳು ಇದರಿಂದ ಹೆದರಬೇಕಿಲ್ಲ. ಹೃದಯದ ಬೇನೆ ಅವರಲ್ಲಿ ಕಡಿಮೆಯೆಂಬುದೂ ಅಷ್ಟೇ ನಿಜ. ನಮ್ಮ ನಾಡಿನಲ್ಲಿಯಾದರೋ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಂದಿಯ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಅರ್ಬುದದ ಹೆಸರು ಹೇಳಿ ಬೆಳೆಯುವ ಮಗುವಿನ ಕೈಯಿಂದ ಹಾಲಿನ ಲೋಟವನ್ನು ಕಸಿಯುವವನು ಅವಿವೇಕಿ.

ಹಾಲಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಈ ಸಂಚಿಕೆಯನ್ನು ಓದುವ ಬಹುತೇಕ ಮನೆಗಳಲ್ಲಿ ಮಾಂಸಾಹಾರವಿಲ್ಲ. ಆದುದರಿಂದ ನಾವು ಸುರಕ್ಷಿತರೆಂಬ ಭಾವನೆ ಬೇರೂರಿದೆ. ಬ್ರಿಟನ್ನಿನ 292 ಸ್ತ್ರೀಯರ ರಕ್ತವನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಾಲನ್ನೂ ಬಿಟ್ಟ ಶುದ್ಧ ಸಸ್ಯಾಹಾರಿಗಳಲ್ಲಿ ಐ.ಜಿ.ಎಫ್.-1 ಶೇಕಡಾ 13ರಷ್ಟು ಕಡಿಮೆಯಿತ್ತು. ಹಾಲು ಮೊಸರು ಉಣ್ಣುವ ಸಸ್ಯಾಹಾರಿಗಳಿಗೂ ಮಾಂಸಾಹಾರಿಗಳಿಗೂ ಹೇಳಿಕೊಳ್ಳುವಂಥ ಭೇದವಿರಲಿಲ್ಲ. ಹಾಗೆಂದು ಹಾಲನ್ನು ದೂಷಿಸಲೂ ಸಾಧ್ಯವಿಲ್ಲ. ದೊಡ್ಡ ಕರುಳಿನ ಅರ್ಬುದವನ್ನು ಅದು ತಕ್ಕಮಟ್ಟಿಗೆ ತಡೆಯುವಂತೆ ತೋರುತ್ತದೆ. ಸಸ್ಯಾಹಾರವೆಂಬ ಒಂದೇ ಹೆಸರಿನಡಿ ತುಪ್ಪ, ಸಕ್ಕರೆ, ಕರಿದ ತಿಂಡಿಗಳನ್ನು ಮಿತಿಯಿಲ್ಲದೆ ಸೇವಿಸುವ ನಮ್ಮ ಅಭ್ಯಾಸಕ್ಕೆ ಮಾತ್ರ ಯಾವ ಅಧ್ಯಯನವೂ ಬೆಂಬಲ ನೀಡುವುದಿಲ್ಲ.

ಎತ್ತರವನ್ನು ನಾವು ಬದಲಿಸಲಾರೆವು. ಸೊಂಟದ ಸುತ್ತಳತೆ ನಮ್ಮ ಅಧೀನದಲ್ಲಿದೆ. ಹೊಟ್ಟೆಯ ಕೊಬ್ಬು ಹೆಚ್ಚಿದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ತಾನೂ ಕೋಶಗಳ ವೃದ್ಧಿಗೆ ಪ್ರೇರಕ, ಐ.ಜಿ.ಎಫ್.-1ನ ಪ್ರಭಾವವನ್ನು ಹೆಚ್ಚಿಸುವುದಕ್ಕೂ ಸಹಾಯಕ. ಮುಟ್ಟು ನಿಂತ ಸ್ತ್ರೀಯರಲ್ಲಿ ಕೊಬ್ಬೇ ಈಸ್ಟ್ರೊಜೆನ್ನಿನ ಮೂಲವಾಗುತ್ತದೆ. ಹೀಗೆ, ಬೆಳೆದು ಮುಗಿದ ದೇಹಕ್ಕೆ ಬೆಳೆಯೆಂಬ ಆಜ್ಞೆ ಹಗಲಿರುಳೂ ಹೋಗುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2016ರಲ್ಲಿ ಅತಿಯಾದ ಕೊಬ್ಬಿಗೆ ಸಂಬಂಧಿಸಿದ 13 ಬಗೆಯ ಅರ್ಬುದಗಳನ್ನು ಗುರುತಿಸಿತು. ಗುಟ್ಕಾ, ಬೀಡಿ, ಮದ್ಯಗಳು ಮಾಡುವ ಅನಾಹುತ ಇದಕ್ಕಿಂತಲೂ ನೇರವಾದುದೆಂಬುದನ್ನು ಬೇರೆ ಹೇಳಬೇಕಿಲ್ಲ. ಇನ್ನು ಮೈ ಕಟ್ಟುವ ಹುಮ್ಮಸ್ಸಿನಲ್ಲಿ ವೈದ್ಯರ ಸಲಹೆಯಿಲ್ಲದೆ ಬೆಳವಣಿಗೆಯ ಹಾರ್ಮೋನನ್ನೇ ಚುಚ್ಚಿಸಿಕೊಳ್ಳುವ ತರುಣರಿಗೆ ಏನೆನ್ನೋಣ!

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಎತ್ತರ, ತೂಕಗಳನ್ನು ಬರೆದಿಡುವ ಪದ್ಧತಿಯಿದೆ. ಪಾಲಕರ ಸಭೆಯ ದಿನ ಅದೇ ಅಳತೆಪಟ್ಟಿಯನ್ನು ತಂದೆತಾಯಿಗಳ ಹಾಗೂ ನಮ್ಮಂಥ ಅಧ್ಯಾಪಕರ ಸೊಂಟಕ್ಕೂ ಸುತ್ತಿ ನೋಡುವ ಏರ್ಪಾಡಾಗಲಿ ಎಂದು ನನ್ನ ಸೂಚನೆ. ಭಾರತೀಯರಿಗೆ ತಜ್ಞರು ನಿಗದಿಪಡಿಸಿದ ಮಿತಿ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು. ಖರ್ಚೇನೂ ಇಲ್ಲ, ಮೊದಲು ಅಧ್ಯಾಪಕರ ಕೊಠಡಿಯಿಂದಲೇ ಆರಂಭಿಸಬಹುದು.